ಇಪ್ಪತ್ಮೂರು ಜನ, ಒಂದು ಎಮ್ಮೆ

ಕೃಷ್ಣಾ ಹೊಳೆಯ ದಂಡೆಯಲ್ಲಿ, ದೋಣಿ ನಿಲ್ಲುವ ಕಟ್ಟೆಯಿಂದ ಕೂಗಳತೆಯ ದೂರದಲ್ಲಿ ಒಬ್ಬ ಗುರು ಇದ್ದರು.

ಗಡ್ಡ, ಜಟೆ, ಕಮಂಡಲು ಯಾವುದೂ ಇಲ್ಲದ ಗುರು. ಹೆಸರು ಕಮಲಾಕ್ಷಿ ಹಾದಿಮನಿ. ಮೂವತ್ತು ವರ್ಷ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸಿ, ನಿವೃತ್ತರಾದ ಮೇಲೆ ಇಲ್ಲಿ ಬಂದು ನೆಲೆಸಿದ್ದರು. ಊರವರಿಗೆಲ್ಲ ಅವರು ಅಕ್ಕೋರು. ಕಲಿಸುವ ಹೆಂಗಸಿಗೆ ಆ ಕಡೆ ಹಾಗೇ ಅನ್ನುತ್ತಾರೆ.

ಅವರ ಕಟ್ಟಕಡೆಯ ಶಿಷ್ಯ ಬಸಲಿಂಗ. ಹೈಸ್ಕೂಲು ಮಾಸ್ತರನಾಗಿದ್ದವನು ರಜೆ ಹಾಕಿ ಪಿಎಚ್.ಡಿ.ಗೆ ಸೇರಿದ್ದ. ಅದು ಐದನೆಯ ವರ್ಷ. ಹಿಂದಿನವರು ಏನೇನು ಕಂಡುಕೊಂಡಿದ್ದಾರೆ ಎಂದು ಹೇಳಬೇಕಾದ ಮೊದಲ ಅಧ್ಯಾಯವನ್ನೇ ಅವನು ಇನ್ನೂ ಬರೆದಿರಲಿಲ್ಲ. ಮುಂದಿನ ತಿಂಗಳೊಳಗೆ ಕೊಡದಿದ್ದರೆ ಹೆಸರು ತೆಗೆದುಹಾಕುವುದಾಗಿ ಪತ್ರ ಬಂದಿತ್ತು.

ಒಂದು ಬೆಳಿಗ್ಗೆ ಅವನು ಎರಡು ದೊಡ್ಡ ಚೀಲ ಹೊತ್ತು ಬಂದು ಅಕ್ಕೋರ ಪಡಸಾಲೆಯಲ್ಲಿ ಇಳಿಸಿದ.

"ಅಕ್ಕೋರ, ನಾ ಬಿಡ್ತೀನ್ರಿ."

"ಏನ್ ಬಿಡ್ತೀಯೋ?"

"ಪಿಎಚ್.ಡಿ. ರಿ. ಸಾಲಿ ಮಾಸ್ತರಕಿಗೆ ವಾಪಸ್ ಹೋಗ್ತೀನಿ. ಇವು ನಿಮ್ಮ ಹತ್ರನ ಇರ್ಲಿ."

ಅಕ್ಕೋರು ಬೈಯಲಿಲ್ಲ. ಒಂದು ಬಟ್ಟಲು ಚಹಾ ಕೊಟ್ಟು ಅವನ ಎದುರು ಕುಳಿತರು.

"ಏನೈತಿ ಚೀಲದಾಗ?"

"ಮುನ್ನೂರಾ ನಲವತ್ತು ಪೇಪರ್ ರಿ. ಎಲ್ಲಾ ಓದೀನಿ. ಮೊದಲನೇ ಸಾಲಿನಿಂದ ಕಡೀ ಸಾಲಿನ ತನಕ. ಒಂದಕ್ಷರ ಬಿಟ್ಟಿಲ್ಲ."

ಸುಳ್ಳಲ್ಲ. ಬರೆದವರ ಹೆಸರಿನ ಅಕ್ಷರಕ್ಕೆ ತಕ್ಕಂತೆ ಎಲ್ಲವೂ ಫೈಲುಗಳಲ್ಲಿ ಒಪ್ಪವಾಗಿ ಕೂತಿದ್ದವು. ಒಳಗೆ ಮುಖ್ಯವಾದದ್ದಕ್ಕೆ ಹಳದಿ ಬಣ್ಣ, ಬಹಳ ಮುಖ್ಯವಾದದ್ದಕ್ಕೆ ಹಸಿರು, ಮರೆಯಲೇಬಾರದ್ದಕ್ಕೆ ಗುಲಾಬಿ. ಬಣ್ಣವಿಲ್ಲದ ಸಾಲು ಹುಡುಕಿದರೂ ಸಿಗುತ್ತಿರಲಿಲ್ಲ.

ಅಕ್ಕೋರು ಕೈಗೆ ಬಂದ ಒಂದನ್ನು ಎಳೆದು, ಮುಚ್ಚಿಯೇ ತೊಡೆಯ ಮೇಲಿಟ್ಟುಕೊಂಡರು.

"ಇದರಾಗ ಏನ್ ಹೇಳ್ಯಾರ?"

ಬಸಲಿಂಗ ಬಾಯಿ ತೆರೆದ. ಮೊದಲ ಪುಟದ ಹಳದಿ ನೆನಪಾಯಿತು, ಮೂರನೆಯ ಪುಟದ ನಕ್ಷೆ ನೆನಪಾಯಿತು. ಹೇಳಿದ್ದೇನು ಎಂಬುದು ಮಾತ್ರ ನೆನಪಾಗಲಿಲ್ಲ. ಅವನ ಕಣ್ಣು ತುಂಬಿದವು. ಐದು ವರ್ಷ ಹಗಲೂ ರಾತ್ರಿ ದುಡಿದ ಮನುಷ್ಯ, ಪಾಪ, ಸೋಮಾರಿ ಎಂದು ಅವನನ್ನು ಯಾರೂ ಅನ್ನುವಂತಿರಲಿಲ್ಲ.

ಅಷ್ಟರಲ್ಲಿ ಹಾಲು ಕೊಡುವ ದುಂಡವ್ವ ಓಡಿ ಬಂದಳು.

"ಅಕ್ಕೋರ, ನನ್ನ ಎಮ್ಮಿ ಹಗ್ಗಾ ಹರ್ಕೊಂಡು ಹೋಗೇತ್ರಿ! ದಿನಾ ತುಂಬ್ಯಾವು, ಇವತ್ತೋ ನಾಳೆಯೋ ಈಯತೈತಿ. ಎಲ್ಲೆರ ಬಿದ್ದೀತು."

"ಗುರ್ತೇನು?"

"ಎಡಗೋಡು ಮುರದೈತಿ."

ಅಕ್ಕೋರು ಶಿಷ್ಯನ ಕಡೆ ತಿರುಗಿದರು. "ನಾಳೆ ಊರಿಗೆ ಹೋಗುವಂತಿ. ಇವತ್ತು ದೋಣಿ ಕಟ್ಟಿಗೆ ಹೋಗಿ ಕುಂದ್ರು. ಮೂರೂರಿನ ಹಾದಿ ಅಲ್ಲೇ ಕೂಡತಾವ. ಬಂದವರನ್ನ ಕೇಳು."

ಬಸಲಿಂಗ ಕಣ್ಣೊರೆಸಿಕೊಂಡು, ನೋಟ್‌ಬುಕ್ ಹಿಡಿದು ಹೊರಟ.

ಮಧ್ಯಾಹ್ನ ಮೂರರ ಹೊತ್ತಿಗೆ ತಿರುಗಿ ಬಂದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಸ್ವಲ್ಪ ಕಳೆ ಇತ್ತು.

"ಇಪ್ಪತ್ಮೂರು ಜನರನ್ನ ಕೇಳ್ದೆ ರಿ. ಒಬ್ಬರನ್ನೂ ಬಿಡಲಿಲ್ಲ."

"ಏನ್ ಕೇಳಿದಿ?"

"ಎಲ್ಲಾ ಕೇಳ್ದೆ. ಹೆಸರು, ಊರು, ಎಲ್ಲಿಂದ ಬಂದ್ರಿ, ಯಾಕ ಬಂದ್ರಿ, ಹಾದ್ಯಾಗ ಏನೇನ್ ನೋಡಿದ್ರಿ. ಒಬ್ಬೊಬ್ಬರಿಗೆ ಒಂದೊಂದು ಹಾಳಿ. ಒಬ್ಬ ಅಜ್ಜ ತನ್ನ ಅಳಿಯನ ಸುದ್ದಿ ಅರ್ಧ ತಾಸು ಹೇಳಿದ. ಅದನ್ನೂ ಬರ್ಕೊಂಡೀನಿ. ಬರೂಮುಂದ ಹೆಸರಿನ ಪ್ರಕಾರ ಪಟ್ಟಿ ಮಾಡಿಕೊಂಡೂ ಬಂದೆ."

ದುಂಡವ್ವ ಬಾಗಿಲಲ್ಲೇ ನಿಂತಿದ್ದಳು. "ತಮ್ಮಾ, ನನ್ನ ಎಮ್ಮಿ ಎಲ್ಲೈತಿ?"

ಬಸಲಿಂಗ ನೋಟ್‌ಬುಕ್ ನೋಡಿದ. ಅವಳ ಮುಖ ನೋಡಿದ. ಅವನ ಮುಖದ ಕಳೆ ಇಳಿದುಹೋಯಿತು.

ಅಕ್ಕೋರು ಒಲೆಯಿಂದ ಒಂದು ಇದ್ದಿಲು ತಂದು ಪಡಸಾಲೆಯ ಕಲ್ಲಿನ ಮೇಲೆ ಹೊಳೆಯ ಗೆರೆ ಎಳೆದರು. ಕಟ್ಟೆಗೆ ಒಂದು ಚುಕ್ಕೆ, ಕಬ್ಬಿನ ಹೊಲಕ್ಕೆ ಒಂದು, ಇಟ್ಟಂಗಿ ಭಟ್ಟಿಗೆ ಒಂದು. ಇದ್ದಿಲನ್ನು ಅವನ ಕೈಗೆ ಕೊಟ್ಟರು.

"ದುಂಡವ್ವಾ, ನೀ ಕೇಳು."

ದುಂಡವ್ವನಿಗೆ ಓದು ಬರಹ ಬಾರದು. ಏನು ಕೇಳಬೇಕೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. "ಕೋಡು ಮುರದ ಎಮ್ಮಿ ನೋಡಿದವ್ರು ಯಾರ‍್ಯಾರು?"

ಬಸಲಿಂಗ ಹಾಳೆ ತಿರುವಿದ. ಇಪ್ಪತ್ಮೂರರಲ್ಲಿ ನಾಲ್ಕು ಸಿಕ್ಕವು.

"ಕಬ್ಬಿನ ಗಾಡಿಯವ ಹೊತ್ತು ಮೂಡೂಮುಂದ ಕಬ್ಬಿನ ಹೊಲದ ಬದುವಿನ್ಯಾಗ ನೋಡ್ಯಾನ. ಮೀನು ಮಾರೂ ಅಕ್ಕ ಹತ್ತರ ಸುಮಾರು ಭಟ್ಟಿ ಹತ್ರ ನೋಡ್ಯಾಳ. ಕುರಿ ಕಾಯಾಂವ ಮಟಮಟ ಮಧ್ಯಾಹ್ನಕ್ಕ ಭಟ್ಟಿ ದಾಟಿ ಜಾಲಿ ಗಿಡದಾಗ ನೋಡ್ಯಾನ. ಇನ್ನೊಬ್ಬ ಅಜ್ಜ..." ಅವನು ತಡವರಿಸಿದ. "ಅಜ್ಜನೂ ಮಧ್ಯಾಹ್ನಕ್ಕ ಅಂತಾನ್ರಿ, ಆದ್ರ ಹೊಳಿ ಆಚೀ ದಂಡಿಗೆ. ಒಂದು ಎಮ್ಮಿ ಎರಡು ಕಡೆ ಹೆಂಗ ಇರತೈತಿ?"

"ಅಜ್ಜ ಯಾವ ಕೋಡು ಅಂದ?" ದುಂಡವ್ವ ಕೇಳಿದಳು.

"ಬಲಗೋಡು."

"ಅದು ನಮ್ಮದಲ್ಲ ಬಿಡು."

ಬಸಲಿಂಗ ಉಳಿದ ಮೂರನ್ನು ಇದ್ದಿಲಿನಿಂದ ಒಂದಕ್ಕೊಂದು ಕೂಡಿಸಿದ. ಗೆರೆ ಹೊಲದಿಂದ ಭಟ್ಟಿಗೆ, ಭಟ್ಟಿಯಿಂದ ಜಾಲಿಗೆ ಹೋಯಿತು. ಅವನ ಕೈ ಅಲ್ಲಿ ನಿಲ್ಲದೆ ಇನ್ನಷ್ಟು ಮುಂದೆ ಸರಿಯಿತು.

"ಜಾಲಿ ಆಚೆ ಏನೈತ್ರಿ?"

"ಭಟ್ಟಿಯವರು ಮಣ್ಣು ತೆಗೆದ ಹೊಂಡ," ಎಂದ ದುಂಡವ್ವ ಆಗಲೇ ಮೆಟ್ಟಿಲಿಳಿದಿದ್ದಳು.

ಎಮ್ಮೆ ಹೊಂಡದ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತು ನಿಂತಿತ್ತು. ಭಟ್ಟಿಯ ನಾಲ್ಕು ಜನ ಹಗ್ಗ ಹಿಡಿದರು. ಬಸಲಿಂಗ ಪ್ಯಾಂಟು ಮಡಚುವುದನ್ನೂ ಮರೆತು ಸೊಂಟದ ತನಕ ಇಳಿದು ಹಿಂದಿನಿಂದ ನೂಕಿದ. ಅದು ಮೇಲೆ ಬಂದಾಗ ದುಂಡವ್ವ ಅದರ ಕೊರಳಿಗೆ ಜೋತುಬಿದ್ದು, "ನಿನಗೇನ್ ಕಡಿಮಿ ಮಾಡಿದ್ದೆ ನಾ" ಎಂದು ಬೈಯುತ್ತಲೇ ಅತ್ತಳು.

ಸಂಜೆ ಗುರು ಶಿಷ್ಯರು ಹೊಳೆಯ ದಂಡೆಗೆ ಬಂದರು. ಬಸಲಿಂಗ ಕೆಸರು ತೊಳೆದುಕೊಂಡ.

"ಇಪ್ಪತ್ಮೂರರಾಗ ಎಷ್ಟು ಮಂದಿ ಉಪಯೋಗಕ್ಕ ಬಂದ್ರು?" ಅಕ್ಕೋರು ಕೇಳಿದರು.

"ಮೂರು. ಇಲ್ಲ, ನಾಲ್ಕು. ಅಜ್ಜನ ಮಾತು ಯಾಕ ಬ್ಯಾಡ ಅಂತ ತಿಳ್ಕೊಳ್ಳಾಕೂ ಅವ ಬೇಕಾದ."

ಅಕ್ಕೋರಿಗೆ ಆ ಉತ್ತರ ಹಿಡಿಸಿತು. ನಕ್ಕರು.

"ಉಳಿದವ್ರು?"

"ಅವರೂ ಒಳ್ಳೆಯವರ ರಿ. ಪಾಪ, ನಿಂತು ಮಾತಾಡಿದ್ರು."

"ಒಳ್ಳೆಯವರ. ಅವರವರ ಎಮ್ಮಿ ಹುಡುಕ್ಕೊಂಡು ಹೊಂಟವ್ರು. ಅಂಥವರಿಗೆ ಕೈ ಮುಗದು ಹಾದಿ ಬಿಡಬೇಕು. ಈಗ ಹೇಳು, ಆ ಚೀಲದಾಗ ನೀ ಹುಡುಕಾಕತ್ತಿದ್ದು ಏನು?"

ಬಸಲಿಂಗ ಗಂಟಲು ಸರಿಮಾಡಿಕೊಂಡ. "ಕೃಷ್ಣಾ ಕೊಳ್ಳದ ಅಂತರ್ಜಲದ ಗುಣಮಟ್ಟ, ಅದರ ಮ್ಯಾಲ ಪರಿಣಾಮ ಬೀರುವ ವಿವಿಧ..."

"ಅದು ಹೊಳಿ. ಎಮ್ಮಿ ಯಾವುದು?"

ಅವನು ಬೊಗಸೆಯಲ್ಲಿ ನೀರು ಎತ್ತಿ, ಮತ್ತೆ ಹೊಳೆಗೇ ಬಿಟ್ಟ. ಆಮೇಲೆ ಬಾಯಿಬಿಟ್ಟಾಗ ಅವನ ದನಿ ಬೇರೆಯಾಗಿತ್ತು.

"ನಮ್ಮ ಓಣ್ಯಾಗ ಎರಡು ಬಾವಿ ಅದಾವ್ರಿ. ನಡುವ ಮೂವತ್ತು ಹೆಜ್ಜಿ. ನಾ ಸಣ್ಣಾವಿದ್ದಾಗ ಎರಡರ ನೀರೂ ಸಿಹಿ ಇತ್ತು. ಈಗ ಒಂದು ಸಿಹಿ, ಒಂದು ಸವುಳು, ಬಾಯಿಗಿಟ್ರ ಬರೇ ಉಪ್ಪು. ನಮ್ಮವ್ವ ಈಗೂ ಅಮಾಸಿಗೊಮ್ಮೆ ಸವುಳು ಬಾವ್ಯಾಗ ಕೊಡ ಇಳಿಸಿ ರುಚಿ ನೋಡ್ತಾಳ, ಸಿಹಿ ಆಗೇತೇನೋ ಅಂತ. ಒಂದ ಓಣಿ, ಒಂದ ನೆಲ, ಒಂದ ಮಳಿ. ಅದೊಂದ ಯಾಕ ಕೆಟ್ಟಿತು?"

ಅಕ್ಕೋರು ತಮ್ಮ ಕೈಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟರು. "ಕಡೀ ಮಾತಷ್ಟ ಬರಿ."

ಮರುದಿನ ಬಸಲಿಂಗ ಊರಿಗೆ ಹೋಗಲಿಲ್ಲ. ಚೀಟಿಯನ್ನು ಗೋಡೆಗೆ ಅಂಟಿಸಿ ಪಡಸಾಲೆಯಲ್ಲಿ ಕುಳಿತ.

ಒಂದೊಂದು ಪೇಪರನ್ನೂ ಎತ್ತಿಕೊಂಡು ಮೊದಲು ತಲೆ, ಅಂದರೆ ಸಾರಾಂಶ ನೋಡಿದ, ಕಾಲು, ಅಂದರೆ ಕೊನೆಯ ತೀರ್ಮಾನ ನೋಡಿದ, ನಡುವಿನ ನಕ್ಷೆಗಳ ಮೇಲೆ ಕಣ್ಣಾಡಿಸಿದ. ಅದೊಂದು ಬಾವಿಯ ಬಗ್ಗೆ ಇದಕ್ಕೇನಾದರೂ ಗೊತ್ತೇ ಎಂದು ಕೇಳಿದ. ಗೊತ್ತಿಲ್ಲದಿದ್ದರೆ ಬದಿಗಿಟ್ಟ. ಗೊತ್ತಿದ್ದರೆ ಚಾಪೆ ಹಾಸಿ, ಅದರ ಜೊತೆಗೇ ಕೂತ.

ಮೊದಮೊದಲು ಬದಿಗಿಟ್ಟದ್ದನ್ನೇ ಮತ್ತೆ ಎತ್ತಿಕೊಳ್ಳುತ್ತಿದ್ದ.

"ಅಕ್ಕೋರ, ಇದು ಮುಂದ ಬೇಕಾದ್ರ?"

"ಅವರ ಹೆಸರು, ಊರು, ಯಾವ ಸುದ್ದಿ ಗೊತ್ತಿದ್ದವ್ರು ಅಂತ ಒಂದು ಸಾಲು ಬರ್ಕೊ. ಬೇಕಾದಾಗ ಮನಿಗೇ ಹೋಗಿ ಕೇಳೂಣಂತ."

ಹಳೆಯ ಚಾಳಿ ಅಷ್ಟು ಬೇಗ ಬಿಡುತ್ತದೆಯೇ? ಮೂರನೆಯ ದಿನ ಅವನ ಕೈ ತಾನಾಗಿ ಹಳದಿ ಪೆನ್ನಿಗೆ ಹೋಯಿತು. ಅಕ್ಕೋರು ಪೆನ್ನು ಕಸಿದುಕೊಳ್ಳಲಿಲ್ಲ. ಹಾಲು ತಂದ ದುಂಡವ್ವನನ್ನು ಕರೆದು ಎದುರಿಗೆ ಕೂಡ್ರಿಸಿದರು.

"ಮುಚ್ಚಿ ಇಡು. ಈಕಿಗೆ ಹೇಳು."

ಬಸಲಿಂಗ ಬೆವರುತ್ತ ಹೇಳಿದ. ದುಂಡವ್ವ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

"ಅಂದ್ರ, ಕಾಲುವಿ ನೀರು ಬಂದ ಮ್ಯಾಲ ನೆಲದಾಗಿನ ಉಪ್ಪು ಮ್ಯಾಲ ಎದ್ದು ಬಂತು ಅಂತಾರ?"

"ಹೌದು ಬೇ, ಅಷ್ಟ."

"ಅಯ್ಯ! ಇಷ್ಟು ಹೇಳಾಕ ಎಷ್ಟು ಹಾಳಿ ಬರದಾರವ್ವಾ!"

ಆ ದಿನದಿಂದ ಅವನು ಪ್ರತಿಯೊಂದನ್ನೂ ಓದಿ, ಮುಚ್ಚಿ, ದುಂಡವ್ವನಿಗೆ ಹೇಳಬಹುದಾದ ಒಂದೆರಡು ಮಾತಿನಲ್ಲಿ ಬರೆಯತೊಡಗಿದ. ಹೆಸರಿನ ಫೈಲುಗಳು ಒಡೆದವು. ಕಾಲುವೆಯೇ ಕಾರಣ ಅನ್ನುವವರು ಕಂಬದ ಹತ್ತಿರ, ಕೆಳಗಿನ ಬಂಡೆ ಕಾರಣ ಅನ್ನುವವರು ಕಿಟಕಿಯ ಕೆಳಗೆ, ಗೊಬ್ಬರವನ್ನು ದೂರುವವರು ಬಾಗಿಲ ಬದಿಗೆ. ಒಬ್ಬರಿಗೊಬ್ಬರು ಜಗಳವಾಡುವವರನ್ನು ಎದುರುಬದುರು ಇಟ್ಟ. ಕೆಲವು ಜಗಳ ಬೇರೆ ಬೇರೆ ಕೋಡು ನೋಡಿದವರ ಜಗಳವೇ ಆಗಿತ್ತು. ಕೆಲವು ಮಾತ್ರ ನಿಜವಾದ ಜಗಳ.

ಹನ್ನೊಂದನೆಯ ದಿನ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಕಡೆಗೆ ಉಳಿದ ಹತ್ತೊಂಬತ್ತು ಪೇಪರು. ಮುಖ ಬಾಡಿತ್ತು.

"ಮುಗೀತ್ರಿ ಅಕ್ಕೋರ."

"ಏನ್ ಹೇಳ್ತಾರ?"

"ಇಡೀ ಊರು ಯಾಕ ಸವುಳಾಗತೈತಿ ಅಂತ ಹೇಳ್ತಾರ. ಒಂದು ತಾಲೂಕು ಯಾಕ ಕೆಡತೈತಿ ಅಂತ ಹೇಳ್ತಾರ. ಮೂವತ್ತು ಹೆಜ್ಜಿಯೊಳಗ ಒಂದು ಸಿಹಿ, ಒಂದು ಸವುಳು ಯಾಕ ಅಂತ..." ಅವನ ದನಿ ಒಡೆಯಿತು. "ಒಬ್ಬರೂ ಹೇಳಿಲ್ರಿ. ಮುನ್ನೂರಾ ನಲವತ್ತು ಮಂದ್ಯಾಗ ಒಬ್ಬರಿಗೂ ಗೊತ್ತಿಲ್ಲ. ಐದು ವರ್ಷ ನೀರಾಗ ಹೋತು."

ಅಕ್ಕೋರು ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು. ಗುರುಗಳು ಕೂಡುವ ಕುರ್ಚಿಯಲ್ಲಿ ಅವನನ್ನು ಕೂಡ್ರಿಸಿ, ತಾವು ಕೆಳಗೆ ಚಾಪೆಯ ಮೇಲೆ, ಪಾಠ ಕೇಳಲು ಬಂದವರಂತೆ ಕಾಲು ಮಡಚಿ ಕುಳಿತರು.

"ಹಂಗಾರ ಅವರೆಲ್ಲಾರೂ ಹೇಳೂದು ಮುಗೀತು," ಎಂದರು. "ಈಗ ನೀ ಹೇಳು, ತಮ್ಮಾ."