ಕೇಳದೆ ತೆಗೆಯದ ಚಲುವ

ಬನ್ರವ್ವ, ಕೂತ್ಕೊಳ್ಳಿ. ನಗೋಕೆ ಬಂದಿದ್ದೀರಿ ತಾನೆ? ನಗಿ. ಚಲುವನ್ನ ನೋಡಿ ನನ್ನಷ್ಟು ನಕ್ಕೋರು ಈ ಚನ್ನಪಟ್ಟಣದಲ್ಲಿ ಯಾರೂ ಇಲ್ಲ. ಅವನಿಗೆ ನನ್ನಷ್ಟು ಕೈ ಮುಗಿಯೋರೂ ಯಾರೂ ಇಲ್ಲ. ಯಾಕೆ ಅಂತ ಹೇಳ್ತೀನಿ, ಮಧ್ಯ ಬಾಯಿ ಹಾಕ್ಬೇಡಿ.

ಚಲುವ ಅಂದ್ರೆ ನಮ್ಮ ಪಕ್ಕದ ಮನೆ ಜವರಮ್ಮನ ಮಗ. ಗೊಂಬೆಗೆ ಬಣ್ಣ ಬಳಿಯೋ ಜವರಮ್ಮ. ಒಬ್ಬನೇ ಮಗ. ಮೀಸೆ ಬಂದು ಹದಿನೈದು ವರ್ಷ ಆಗಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. "ಒಣಗೋ ತನಕ ಗೊಂಬೆ ಮುಟ್ಟಬೇಡ್ಲಾ" ಅಂತ ಹೇಳಿ ಅವಳು ಪೇಟೆಗೆ ಹೋದ್ಲು. ಮಳೆ ಬಂತು. ಅಂಗಳದಲ್ಲಿಟ್ಟಿದ್ದ ಗೊಂಬೆಯೆಲ್ಲಾ ನೆಂದು ತೊಪ್ಪೆ! ಇವನು ಜಗಲಿ ಮೇಲೆ ಕೈ ಕಟ್ಕೊಂಡು ಕೂತಿದ್ದ.

"ಎತ್ತಿಡಬಾರದಾ, ಮಂಕೇ!"

"ಇನ್ನೂ ಒಣಗಿಲ್ವಲ್ಲವ್ವಾ!"

ಜವರಮ್ಮ ಹಣೆ ಹಣೆ ಚಚ್ಕೊಂಡ್ಲು. "ನಾನು ಸತ್ಮೇಲೆ ನಿನಗೆ ಯಾರ್ಲಾ ಗತಿ?" ಅಂತ ಅತ್ಲು. ಅತ್ತು ಅತ್ತು, ಸಂತೆಬೀದಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರೋ ಜಬೀನಾ ಹತ್ರ ಕರ್ಕೊಂಡು ಹೋದ್ಲು. ಜಬೀನಾ ಒಳ್ಳೆ ಹೆಂಗಸು. ಕೆಲಸ ಕೊಟ್ಲು.

"ನೋಡು ಚಲುವ, ಈ ಪರದೆ ಮೇಲೆ ಎರಡು ಗುಂಡಿ. ಯಾವುದು ಒತ್ತಿದ್ರೂ ಬ್ರೌಸರ್ ತೆರ್ಕೊಳ್ಳುತ್ತೆ. ಹಸಿರು ಗುಂಡಿ ಒತ್ತಿದ್ರೆ ಗಿರಾಕಿ ನೋಡಿದ್ದು, ಬರೆದದ್ದು ಎಲ್ಲಾ ಅದರೊಳಗೇ ನೆನಪಿರುತ್ತೆ. ಕರೀ ಗುಂಡಿ ಒತ್ತಿದ್ರೆ ಮುಚ್ಚಿದ ತಕ್ಷಣ ಎಲ್ಲಾ ಅಳಿಸಿ ಹೋಗುತ್ತೆ. ತಿಳೀತಾ?"

"ತಿಳೀತಕ್ಕ!"

ಅವ್ವ ಹೊಸಿಲು ದಾಟ್ತಾ ಬುದ್ಧಿ ಹೇಳಿದ್ಲು: "ಮಗಾ, ಏನನ್ನೂ ಮರೀಬೇಡ!"

ಸರಿ. ಬಂದೋರಿಗೆಲ್ಲಾ ಹಸಿರು ಗುಂಡಿ! ರಿಟೈರ್ಡ್ ಮೇಷ್ಟ್ರು ಪುಟ್ಟಮಾದಯ್ಯನೋರು ಬಂದು, ಮೂಲವ್ಯಾಧಿಗೆ ಔಷಧಿ ಹುಡುಕಿ ಹೋದ್ರು. ಅವರ ಹಿಂದೇನೇ ಅವರ ಬೀಗಿತಿ ಬಂದು ಕೂತ್ಲು. ಒಂದಕ್ಷರ ಒತ್ತಿದ್ಲು ನೋಡಿ, ಮೇಷ್ಟ್ರ ಮೂಲವ್ಯಾಧಿ ಪೂರ್ತಿ ಎದುರಿಗೆ ಬಂತು! ಮೂರು ದಿನ ಮೇಷ್ಟ್ರು ಮನೆಯಿಂದ ಆಚೆಗೆ ಬರಲಿಲ್ಲ.

"ಅಯ್ಯೋ ಪೆದ್ದೇ! ಒಬ್ಬರ ಗುಟ್ಟು ಇನ್ನೊಬ್ಬರಿಗೆ ಯಾಕೋ ತೋರಿಸ್ದೆ? ಎಲ್ಲಾ ಅಳಿಸಬೇಕು ಕಣೋ, ಅಳಿಸಬೇಕು!"

"ಆಗ್ಲಕ್ಕ!"

ಆಮೇಲೆ ಬಂದೋಳು ಯಾರು ಗೊತ್ತಾ? ನನ್ನ ಮೊಮ್ಮಗಳು ನಿಸರ್ಗ. ಅಪ್ಪ ಇಲ್ಲದ ಹುಡುಗಿ. ನರ್ಸಿಂಗ್ ಓದ್ಬೇಕು ಅಂತ ಅವಳ ಆಸೆ. ನನ್ನ ಕಿರೀಮಗ ಕೆಂಪರಾಜು, ಅವಳ ಚಿಕ್ಕಪ್ಪ, ಇದ್ದಾನಲ್ಲ, ಮೂದೇವಿ! "ಓದಿದ್ದು ಸಾಕು, ಗಂಡು ನೋಡಿದ್ದೀನಿ" ಅಂತ ಕೂತಿದ್ದ. ಅವನಿಗೆ ಗೊತ್ತಾದ್ರೆ ಮದುವೆ. ಗೊತ್ತಾಗ್ದೆ ಇದ್ರೆ ಓದು. ಅದಕ್ಕೇ ಕದ್ದು ಮುಚ್ಚಿ ಅರ್ಜಿ ತುಂಬೋಕೆ ಬಂದಿದ್ಲು. ಮೂರು ಪುಟ ತುಂಬಿದ್ಲು, ಅಂಕಪಟ್ಟಿ ತರೋಕೆ ಮನೆಗೆ ಬಂದ್ಲು. ವಾಪಸ್ ಹೋಗಿ ನೋಡಿದ್ರೆ ಒಂದಕ್ಷರವೂ ಇಲ್ಲ!

"ಅಳಿಸಿದೆ ಕಣಮ್ಮ!" ಅಂದ ಚಲುವ, ಸಂತೋಷವಾಗಿ.

ಹುಡುಗಿ ಅಲ್ಲೇ ಕೂತು ಅತ್ತುಬಿಟ್ಲು. ಜಬೀನಾ ಕೂಗಾಡಿದ್ಲು: "ಇಡೋದೋ ಅಳಿಸೋದೋ ನೀನ್ಯಾರೋ ತೀರ್ಮಾನ ಮಾಡೋಕೆ? ಯಾರದ್ದೋ ಅವರನ್ನೇ ಕೇಳು!"

"ಕೇಳ್ತೀನಕ್ಕ!"

ಕೇಳಿದ. ಮೇಷ್ಟ್ರು ನಾಲ್ಕನೇ ದಿನ ಧೈರ್ಯ ಮಾಡಿ ಬಂದ್ರು. ಅಂಗಡಿ ತುಂಬಾ ಜನ. ಚಲುವ ಗಂಟಲು ಹರಿಯೋ ಹಂಗೆ ಕೇಳಿದ: "ಮೇಷ್ಟ್ರೇ! ನಿಮ್ಮ ಮೂಲವ್ಯಾಧಿ ಇಟ್ಕೊಳ್ಳೋದಾ, ಅಳಿಸೋದಾ?"

ಪಾಪ, ಮೇಷ್ಟ್ರು ಚಪ್ಪಲಿ ಅಲ್ಲೇ ಬಿಟ್ಟು ಓಡಿದ್ರು.

"ಕಿವಿಯಲ್ಲಿ ಗುಟ್ಟಾಗಿ ಕೇಳೋ, ಕಿವಿಯಲ್ಲಿ!" ಅಂತ ಜಬೀನಾ ಬಾಯಿ ಬಡ್ಕೊಂಡ್ಲು. "ಯಾರದ್ದೋ ಅವರನ್ನೇ ಕೇಳು. ಕಿವಿಯಲ್ಲಿ ಕೇಳು. ಅವರು ಹ್ಞೂಂ ಅನ್ನದೆ ಏನೂ ತೆಗೀಬೇಡ!"

ನಿಸರ್ಗ ಮತ್ತೆ ಬಂದ್ಲು. ಚಲುವ ಕಿವಿಯಲ್ಲಿ ಕೇಳಿದ. ಅವಳು "ಇಟ್ಟಿರಣ್ಣ, ನಾಳೆ ಬಂದು ಮುಗಿಸ್ತೀನಿ" ಅಂದ್ಲು. ಹಸಿರು ಗುಂಡಿ. ಅರ್ಜಿಗೆ ಮಾರನೇ ದಿನವೇ ಕೊನೆ.

ಅವಳು ಅತ್ತ ಹೋದ್ಲು, ಇತ್ತ ಕೆಂಪರಾಜು ಬಂದ. ಯಾರೋ ಕಿವಿ ಊದಿದ್ರು ಅವನಿಗೆ. ಜಬೀನಾ ಊಟಕ್ಕೆ ಹೋಗಿದ್ಲು.

"ಲೋ ಚಲುವ, ನಮ್ಮ ನಿಸರ್ಗ ಏನೋ ಮಾಡ್ತಿದ್ಲು ಇಲ್ಲಿ? ತೆಗಿ, ನೋಡ್ತೀನಿ!"

ಚಲುವ ಎದ್ದ. ಕೆಂಪರಾಜನ ಕಿವಿಗೆ ಬಾಯಿ ಇಟ್ಟ. "ಅದು ಅವಳದು. ಅವಳು ಹ್ಞೂಂ ಅನ್ಬೇಕು."

"ನಾನು ಅವಳ ಚಿಕ್ಕಪ್ಪ ಕಣೋ!"

ಮತ್ತೆ ಕಿವಿಗೆ ಬಾಯಿ. "ಅದು ಅವಳದು. ಅವಳು ಹ್ಞೂಂ ಅನ್ಬೇಕು."

ಗದರಿಸಿದ. ಕಿವಿಗೆ ಬಾಯಿ! ಬೋಂಡ ತರಿಸಿಕೊಟ್ಟ. ಚಲುವ ಬೋಂಡ ಪೂರ್ತಿ ತಿಂದ, ಎಣ್ಣೆ ಬಾಯಿ ಹಂಗೇ ಕಿವಿಗೆ ಇಟ್ಟ: "ಅದು ಅವಳದು!" ಕೆಂಪರಾಜು ಕಿವಿ ಒರೆಸ್ಕೊಂಡು, ಬೈಕೊಂಡು ಮನೆಗೆ ಬಂದ.

ನಾವು ಬುದ್ಧಿವಂತರು ಇದ್ದೀವಲ್ಲ, ಚಿಕ್ಕಪ್ಪ ತಾನೆ ಅಂತ ತೆಗೆದು ತೋರಿಸಿಬಿಡ್ತಿದ್ವಿ. ಅವನು ತೋರಿಸಲಿಲ್ಲ. ಮಾರನೇ ದಿನ ಅರ್ಜಿ ಹೋಯ್ತು, ಮೈಸೂರಲ್ಲಿ ಸೀಟು ಸಿಕ್ತು. ಕಾಗದ ಮನೆಗೆ ಬಂದ ಮೇಲೆ ಕೆಂಪರಾಜು ಹಾರಾಡಿದ. ಆಗ ನಾನು ಬಾಗಿಲಿಗೆ ಅಡ್ಡ ನಿಂತೆ. ಪೆದ್ದನೇ ಹೆದರಲಿಲ್ಲವಂತೆ, ಹೆತ್ತೋಳು ನಾನು ಹೆದರ್ತೀನಾ?

ಹಾಸ್ಟೆಲಿಗೆ ಹೊರಟ ದಿನ ನಿಸರ್ಗ ಒಂದು ಡಬ್ಬ ಮೈಸೂರು ಪಾಕ್ ತಂದು ಚಲುವನ ಕೈಗಿಟ್ಟು, ಕಾಲಿಗೆ ಬಿದ್ದು ಹೋದ್ಲು. ಜವರಮ್ಮನ ಬಾಯಲ್ಲಿ ನೀರು. "ತೆಗ್ಯೋ ಮಗಾ!"

"ಅವಳ ಡಬ್ಬ ಕಣವ್ವ. ಕೇಳದೆ ತೆಗೀಬಾರದು!" ಅಂದೋನೇ ಮೈಸೂರು ಬಸ್ಸು ಹತ್ತಿದ.

ಹಾಸ್ಟೆಲ್ ಬಾಗಿಲಲ್ಲಿ ನಿಸರ್ಗನ ಕಿವಿಗೆ ಬಾಯಿಟ್ಟು ಕೇಳಿದ: "ತೆಗೀಲಾ?" ಅವಳು ನಕ್ಕು, ಕಣ್ಣು ಒರೆಸ್ಕೊಂಡು, "ಅಣ್ಣ, ಇದರಲ್ಲಿರೋ ಸಿಹಿಯೆಲ್ಲಾ ನಿನ್ನದೇ. ನಿನ್ನದಕ್ಕೆ ಇನ್ನೊಬ್ಬರನ್ನ ಕೇಳ್ಬೇಡ" ಅಂದ್ಲು.

ಇನ್ನೇನು! ಮಂಡ್ಯ ಬರೋ ಹೊತ್ತಿಗೆ ಅರ್ಧ ಡಬ್ಬ, ಮದ್ದೂರು ಬರೋ ಹೊತ್ತಿಗೆ ಪೂರ್ತಿ ಡಬ್ಬ ಖಾಲಿ. ಜವರಮ್ಮ ಮುಚ್ಚಳ ತೆಗೆದು ನೋಡಿದ್ಲು. ಬೈಯೋಕೆ ಬಾಯಿ ತೆಗೆದೋಳು, ತಳದಲ್ಲಿ ಅಂಟಿದ್ದ ಪುಡಿ ಬೆರಳಲ್ಲಿ ಬಳಿದು ನೆಕ್ಕಿದ್ಲು. "ಚೆನ್ನಾಗಿದೆ ಕಣ್ಲಾ" ಅಂದ್ಲು. ಮಗನ ಸಂಪಾದನೆ ಅವಳು ಬಾಯಿಗಿಟ್ಟಿದ್ದು ಅದೇ ಮೊದಲು.

ಚಲುವ ತಟಕ್ಕನೆ ಎದ್ದು ನಿಂತ. "ಅವ್ವಾ! ಸಿಹಿ ನಂದು ಅಂದ್ಲು. ಡಬ್ಬ ಯಾರದ್ದು ಅಂತ ಕೇಳ್ಲೇ ಇಲ್ಲ!" ಚಪ್ಪಲಿ ಮೆಟ್ಟಿದ, ಮತ್ತೆ ಮೈಸೂರು ಬಸ್ಸು ಹತ್ತಿದ.

ಡಬ್ಬ ನನ್ನದು ಕಣ್ರವ್ವ! ನಮ್ಮ ಅಡುಗೆಮನೇದು! ಗೋಡೆ ಆಚೆ ಕೂತಿದ್ದ ನನ್ನ ಒಂದು ಮಾತು ಕೇಳಿದ್ದಿದ್ರೆ, "ಇಟ್ಕೋ ನನ್ನಪ್ಪ" ಅಂತಿದ್ದೆ.