‘ಬರ್ತೀನಿ’ಗೆ ಇಂಗ್ಲಿಷಿನಲ್ಲಿ ಮೂರು ಮಾತು

ಕಪಿಲಾ ನದಿಯ ದಡದಲ್ಲೊಂದು ಪುಟ್ಟ ಆಶ್ರಮ. ಅಲ್ಲಿನ ಗುರು ನಂಜುಂಡಾರಾಧ್ಯರು ಬೆಳಿಗ್ಗೆ ವಚನ ಹೇಳಿಕೊಡುತ್ತಿದ್ದರು, ಸಂಜೆ ಇಂಗ್ಲಿಷ್ ವ್ಯಾಕರಣ. ಊರಿಗೆಲ್ಲ ಒಂದೇ ಫೋನಿದ್ದ ಕಾಲ ಅದು.

ಒಂದು ಸಂಜೆ ಶಿಷ್ಯೆ ಕಾತ್ಯಾಯಿನಿ ಅರ್ಧ ಬರೆದ ಕಾಗದ ಹಿಡಿದು ಬಂದಳು. ಅವಳು ಪ್ರೈಮರಿ ಶಾಲೆಯ ಮೇಡಂ. ಟೀಚರ್ ಟ್ರೈನಿಂಗಿನ ಎರಡು ವರ್ಷ ಕೇರಳದ ತ್ರೇಸ್ಯಾ ಅವಳ ಹಾಸ್ಟೆಲ್ ಕೋಣೆಯ ಗೆಳತಿ. ಇಬ್ಬರಿಗೂ ಬರುತ್ತಿದ್ದ ಭಾಷೆ ಇಂಗ್ಲಿಷ್ ಒಂದೇ.

ಈಗ ತ್ರೇಸ್ಯಾ ಹಾಸಿಗೆ ಹಿಡಿದಿದ್ದಳು. ಒಮ್ಮೆ ಬಂದು ಹೋಗು ಎಂದು ಬರೆದಿದ್ದಳು.

“ಗುರುಗಳೇ, ‘ಬರ್ತೀನಿ’ ಅಂತ ಬರೀಬೇಕು. ಕನ್ನಡದಲ್ಲಾದರೆ ಒಂದೇ ಮಾತು. ಇಂಗ್ಲಿಷಿನಲ್ಲಿ ಮೂರಿವೆ. ‘ಐ ವಿಲ್ ಕಮ್’, ‘ಐ ಆಮ್ ಗೋಯಿಂಗ್ ಟು ಕಮ್’, ‘ಐ ಆಮ್ ಕಮಿಂಗ್’. ಯಾವುದು ಸರಿ?”

“ಟಿಕೆಟ್ ತೆಗೆಸಿದ್ದೀಯಾ?”

“ಇಲ್ಲ.”

“ಹಾಗಾದರೆ ‘ಐ ಆಮ್ ಕಮಿಂಗ್’ ಬೇಡ. ದಿನ, ಗಾಡಿ ಎಲ್ಲ ಗೊತ್ತುಮಾಡಿಕೊಂಡವರ ಮಾತು ಅದು. ಹೋಗಬೇಕು ಅಂತ ಮೊದಲೇ ನಿಶ್ಚಯ ಮಾಡಿದ್ದೆಯಾ?”

ಅವಳು ತಲೆ ತಗ್ಗಿಸಿದಳು. “ಇಲ್ಲ. ಬರೆಯೋವಾಗ ಮನಸ್ಸಿಗೆ ಬಂತು.”

“ಹಾಗಾದರೆ ‘ಗೋಯಿಂಗ್ ಟು’ ಕೂಡ ಅಲ್ಲ. ಆ ಕ್ಷಣಕ್ಕೆ ಹುಟ್ಟಿದ ಮಾತಿಗೆ ‘ವಿಲ್’.”

“ಅವಳಿಗೆ ಯಾವುದರಿಂದ ಹೆಚ್ಚು ಸಮಾಧಾನ ಆಗುತ್ತೆ?”

“ಅದು ವ್ಯಾಕರಣದ ಪ್ರಶ್ನೆ ಅಲ್ಲಮ್ಮ.”

ಅವಳು ‘ಐ ವಿಲ್ ಕಮ್’ ಎಂದು ಬರೆದಳು. ಗುರುಗಳು ನೋಡಿ, ಸರಿಯಿದೆ ಎಂದರು. ಕಾಗದ ಅಂಚೆಗೆ ಹೋಯಿತು.

ಆಮೇಲೆ ಶಾಲೆಯಲ್ಲಿ ಪರೀಕ್ಷೆ ಬಂತು. ಜನಗಣತಿಯ ಕೆಲಸವೂ ಬಂತು. ರಜೆಯಲ್ಲಿ ಹೋದರಾಯಿತು ಅಂದುಕೊಂಡಳು.

ರಜೆಯ ಮೊದಲ ವಾರ ತ್ರೇಸ್ಯಾಳ ತಾಯಿಯಿಂದ ಕಾಗದ ಬಂತು. ಪಕ್ಕದ ಮನೆಯವರ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿದ್ದರು.

ಕಾತ್ಯಾಯಿನಿ ಅದನ್ನು ಆಶ್ರಮಕ್ಕೆ ತಂದು, ಗುರುಗಳ ಮುಂದೆ ಕೂತು, ಕನ್ನಡ ಮಾಡಿ ಹೇಳಿದಳು.

“‘ಮಗಳು ಹೋದ ಭಾನುವಾರ ತೀರಿಕೊಂಡಳು. ನಿನ್ನ ಕಾಗದ ಬಂದ ದಿನವೇ ಮಂಚವನ್ನು ಕಿಟಕಿ ಹತ್ತಿರಕ್ಕೆ ಎಳೆಸಿಕೊಂಡಿದ್ದಳು. ಯಾವ ದಿನ ಅಂತ ಬರೆದಿಲ್ಲ, ಯಾವ ದಿನ ಬೇಕಾದರೂ ಬರಬಹುದು ಅನ್ನುತ್ತಿದ್ದಳು.’”

ಮುಂದಿನ ಸಾಲು ಓದಲಾಗದೆ ಕಾಗದ ಮಡಿಸಿದಳು.



“ಗುರುಗಳೇ, ಆವತ್ತು ನಾನು ಬರೆದದ್ದು ತಪ್ಪಾ?”

“ಇಲ್ಲ. ವಾಕ್ಯ ಸರಿಯಾಗೇ ಇತ್ತು.”

“ಮತ್ತೆ ಏನು ಬರೆಯಬೇಕಿತ್ತು?”

ನಂಜುಂಡಾರಾಧ್ಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಟಿಕೆಟ್ ಇಲ್ಲ ಅಂದೆಯಲ್ಲ, ಆಗಲೇ ನಿನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಬೇಕಿತ್ತು. ನಾನು ವಾಕ್ಯ ನೋಡುತ್ತಾ ಕೂತೆ.”