ಮಾತಾಡಿದ ಸೋರೆಬುರುಡೆ

"ಕೇಳ್ರಪ್ಪೋ ಕೇಳಿ! ಬೋಳುಗಿರಿಯ ಸಿಂಗರಸ ಮಹಾರಾಜರ ಅಪ್ಪಣೆ! ಗಡಿಯ ಸುದ್ದಿ ತರುವ ಓಟಗಾರರಿಗೆ ಒಬ್ಬ ನಾಯಕ ಬೇಕಾಗಿದ್ದಾನೆ. ಕೋಟೆ ಬಾಗಿಲಿನಿಂದ ಬಯಲು ದಾಟಿ, ಗಡಿಕಲ್ಲು ಮುಟ್ಟಿ, ಹೊತ್ತು ಮುಳುಗುವುದರೊಳಗೆ ಹಿಂದಿರುಗಿದವರು ರಾಜಕುಮಾರಿಯ ಮೂರು ಒಗಟು ಬಿಡಿಸಬೇಕು. ಗೆದ್ದವನಿಗೆ ನಾಯಕನ ಪಟ್ಟ, ಮೇಲೊಂದು ವರ. ತಪ್ಪು ಹೇಳಿದವನ ತಲೆ ಮರುದಿನ ಅವನದಲ್ಲ!"

ಡಂಗುರದವನು ಕೊನೆಯ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳಿದ. ಅದಕ್ಕೇ ಇರಬೇಕು, ಓಡುತ್ತೇನೆಂದು ಬಂದವರಿಗೆ ಕೊರತೆಯಾಗಲಿಲ್ಲ.

ಅರಮನೆಯ ಲಾಯಕ್ಕೆ ಹುಲ್ಲು ಹೊರುವ ಮಾಚ ಮಾತ್ರ ಬರಲಿಲ್ಲ. ಊರವರೇ ಅವನನ್ನು ತಳ್ಳಿಕೊಂಡು ಬಂದರು. "ಇಂಥ ಓಟಗಾರನನ್ನು ಇಟ್ಟುಕೊಂಡು ಸುಮ್ಮನಿದ್ದರೆ ನಮಗೇ ಅವಮಾನ" ಎಂದರು. ಅವಮಾನ ಎಂದರೇನೆಂದು ಆ ಗುಂಪಿನಲ್ಲಿ ತಿಳಿದಿದ್ದವನು ಅವನೊಬ್ಬನೇ.

ಆ ಬಯಲಿನಲ್ಲಿ ಒಂದು ಹನಿ ನೀರು ಸಿಗದು. ಓಡುವವರು ಒಣಗಿಸಿದ ಸೋರೆಬುರುಡೆಯಲ್ಲಿ ನೀರು ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಮೊದಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ಹೀಗೆ ಭಾರವನ್ನು ಮೈಗೆ ರೂಢಿ ಮಾಡಿಸಬೇಕು. ಹಿಂದಿನ ಬೇಸಗೆಯಲ್ಲಿ ಮಾಚ ತನ್ನ ಗೆಳೆಯ ದುಗ್ಗನ ಜೊತೆ ಹಾಗೆ ಅಭ್ಯಾಸ ಮಾಡುತ್ತಿದ್ದ. ಒಂದು ದಿನ ದುಗ್ಗನ ಬುರುಡೆ ಬಂಡೆಗೆ ತಗುಲಿ ಒಡೆಯಿತು. ನಡುಬಯಲಿನಲ್ಲಿ ಅವನು ಕುಸಿದು ಬಿದ್ದ. "ಒಂದು ಗುಟುಕು ಕೊಡೋ" ಎಂದ.

ಕೊಟ್ಟರೆ ತನಗೆ ಸಾಲದು ಎಂದು ಮಾಚನಿಗೆ ಭಯವಾಯಿತು. "ಖಾಲಿ ಕಣೋ" ಎಂದ. ಎಂದವನು ಅತ್ತ ತಿರುಗಿದನಷ್ಟೆ, ಸೊಂಟದ ಬುರುಡೆ ಗುಳಕ್ ಎಂದಿತು. ದುಗ್ಗ ಕಣ್ಣು ಮುಚ್ಚಿಕೊಂಡ. ಮಾಚ ಓಡಿಹೋದ.

ಕುರಿ ಕಾಯುವವರು ದುಗ್ಗನನ್ನು ಎತ್ತಿಕೊಂಡು ಹೋಗಿ ಬದುಕಿಸಿದರು. ಆದರೆ ಅವನ ಕಾಲಿಗೆ ಮತ್ತೆ ಓಟ ಬರಲಿಲ್ಲ. ಅವನು ಎಲ್ಲಿದ್ದಾನೆಂದು ಮಾಚ ಕೇಳಲಿಲ್ಲ. ಯಾರಾದರೂ ಹೇಳಿಬಿಟ್ಟರೆ ಹೋಗಿ ಮುಖ ತೋರಿಸಬೇಕಲ್ಲ! ಅಂದಿನಿಂದ ಬುರುಡೆಯನ್ನು ಸದ್ದಾಗದಂತೆ ಕಂಠಮಟ್ಟ ತುಂಬಿಕೊಂಡು ಒಬ್ಬನೇ ಓಡುತ್ತಿದ್ದ, ಗುಟುಕೂ ಕುಡಿಯದೆ ತುಂಬಿದ ಬುರುಡೆಯನ್ನೇ ಹಿಂದಕ್ಕೆ ತರುತ್ತಿದ್ದ. "ಏನು ಕಟ್ಟುನಿಟ್ಟಪ್ಪಾ ಹುಡುಗನದು!" ಎಂದು ಜನ ಹೊಗಳುವರು. ಅವನಿಗೆ ಮೈಯೆಲ್ಲ ಉರಿಯುವುದು.

ಪಂದ್ಯದ ದಿನ ಹೊತ್ತು ಮುಳುಗುವುದರೊಳಗೆ ಬಂದವರು ಮೂವರೇ: ಸೇನಾಪತಿಯ ಮಗ ಗಜಮಲ್ಲ, ರೇಷ್ಮೆ ವ್ಯಾಪಾರಿಯ ಮಗ ಸಂಪಣ್ಣ, ತುಂಬಿದ ಬುರುಡೆ ಸೊಂಟದಲ್ಲಿದ್ದೂ ಬಾಯಾರಿ ತುಟಿ ಒಡೆದ ಮಾಚ. ರಾಜಕುಮಾರಿ ನಾಗಲದೇವಿ ಪರದೆಯ ಮುಂದೆ ಕುಳಿತಿದ್ದಳು.

"ಮೊದಲನೆಯದು. ಬೇಡವಾದಾಗ ಭಾರ, ಬೇಕಾದಾಗ ಹಗುರ. ಹೊತ್ತವನು ಹೊರಡುವಾಗ ಅದನ್ನು ಬೈಯುತ್ತಾನೆ, ಮುಗಿದ ಮೇಲೆ ಅದಕ್ಕಾಗಿ ಅಳುತ್ತಾನೆ. ಏನದು?"

"ಹೆಂಡತಿ!" ಎಂದ ಗಜಮಲ್ಲ, ಎದೆಯುಬ್ಬಿಸಿ.

"ಹೆಂಡತಿಯನ್ನು ಹೊತ್ತುಕೊಂಡು ಓಡಿ ಬಂದೆಯೇನಪ್ಪಾ?" ಎಂದಳು ರಾಜಕುಮಾರಿ. ಸಭೆ ನಕ್ಕಿತು. ಕಾವಲಿನವರು ಗಜಮಲ್ಲನ ತೋಳು ಹಿಡಿದಾಗ ನಗು ನಿಂತಿತು.

ಸಂಪಣ್ಣ ಮೆಲ್ಲಗೆ ಹಿಂದೆ ಸರಿದು ಮಾಚನನ್ನು ಮುಂದೆ ಬಿಟ್ಟ. "ಓಡುವವನ ಸೊಂಟದ ನೀರು, ತಾಯಿ" ಎಂದ ಮಾಚ. ರಾಜಕುಮಾರಿ ತಲೆಯಾಡಿಸಿದಳು.

"ಎರಡನೆಯದು ಸಂಪಣ್ಣನಿಗೆ. ತುಂಬಿದ್ದರೆ ಮೌನ, ಬರಿದಾದರೂ ಮೌನ. ನಡುವೆ ಇದ್ದಾಗ ಮಾತ್ರ ಬಾಯಿ ಬಿಡುತ್ತದೆ, ಒಡೆಯನ ಸುಳ್ಳನ್ನು ಅಲ್ಲೇ ಬಯಲು ಮಾಡುತ್ತದೆ."

"ಹೊಟ್ಟೆ!" ಎಂದ ಸಂಪಣ್ಣ.

"ಖಾಲಿ ಹೊಟ್ಟೆ ಸುಮ್ಮನಿರುವುದನ್ನು ಎಲ್ಲಿ ಕಂಡೆ? ನೀನು ಹಸಿದು ಗೊತ್ತಿಲ್ಲ" ಎಂದಳು. ಅವನನ್ನೂ ಕರೆದೊಯ್ದರು.

ಈಗ ಸರದಿ ಮಾಚನದು, ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿದ್ದರೆ ತಲೆ ಹೋಗುತ್ತದೆ. ಹೋಗುವುದೇ ವಾಸಿ ಎಂದೂ ಒಂದು ಕ್ಷಣ ಅನ್ನಿಸಿತು. ಕೊನೆಗೆ ನೆಲ ನೋಡುತ್ತಾ, "ಅರ್ಧ ನೀರಿನ ಸೋರೆಬುರುಡೆ" ಎಂದ.

"ಸರಿ. ಮೂರನೆಯದು. ಅದು ಬೆನ್ನು ಬಿಡುವುದಿಲ್ಲ, ಆದರೆ ನೆರಳಲ್ಲ, ಕತ್ತಲಲ್ಲೂ ಇರುತ್ತದೆ. ಎಷ್ಟು ಓಡಿದರೂ ಹಿಂದೆ ಬೀಳುವುದಿಲ್ಲ. ಮುಚ್ಚಿಟ್ಟಷ್ಟೂ ಭಾರ. ಅದನ್ನು ಇಳಿಸುವ ಜಾಗ ಒಂದೇ. ಅದೇನು? ಆ ಜಾಗ ಯಾವುದು?"

ಮಾಚನ ಕಣ್ಣಲ್ಲಿ ನೀರು ಬಂತು.

"ಮಾಡಿದ ತಪ್ಪಿನ ನಾಚಿಕೆ, ತಾಯಿ. ಯಾರಿಗೆ ತಪ್ಪು ಮಾಡಿದೆವೋ ಅವರ ಮುಂದೆಯೇ ಇಳಿಸಬೇಕು. ನನಗದು ಗೊತ್ತು. ಗೊತ್ತಿದ್ದೂ ಹೋಗಲಿಲ್ಲ." ಆಮೇಲೆ ಬಯಲು, ಬಿದ್ದ ಗೆಳೆಯ, ತಾನಾಡಿದ ಸುಳ್ಳು, ಎಲ್ಲವನ್ನೂ ತುಂಬಿದ ಸಭೆಯಲ್ಲಿ ಹೇಳಿಬಿಟ್ಟ. ಹೊಗಳುತ್ತಿದ್ದ ಊರವರು ಮುಖ ತಿರುಗಿಸಿದರು. "ತಲೆ ತೆಗೆಸಿ, ತಾಯಿ" ಎಂದ.

"ಅದನ್ನು ಹೇಳಬೇಕಾದವಳು ನಾನಲ್ಲ" ಎಂದಳು ರಾಜಕುಮಾರಿ. "ನಾಯಕನನ್ನು ಹೇಗೆ ಆರಿಸಲಿ ಎಂದು ನಮ್ಮ ಅರಮನೆಯ ಒಳಬಾವಿಯಲ್ಲಿ ನೀರು ಸೇದುವವನನ್ನು ಕೇಳಿದ್ದೆ. ಈ ಒಗಟುಗಳು ಅವನವು."

ಪರದೆ ಸರಿಯಿತು. ಕೋಲೂರಿಕೊಂಡು ದುಗ್ಗ ನಿಂತಿದ್ದ.

"ಅವತ್ತು ಬುರುಡೆ ಮಾತಾಡಿದ್ದು ನಂಗೆ ಕೇಳಿಸಿತ್ತು ಕಣೋ" ಎಂದ. "ನೀನು ಮಾತಾಡ್ತೀಯೇನೋ ಅಂತ ವರ್ಷವೆಲ್ಲ ಕಾದೆ."

ಮಾಚ ಮಂಡಿಯೂರಿ ಬುರುಡೆ ಬಿಚ್ಚಿ ನೀಡಿದ. ತಲೆ ಎತ್ತಲಾಗಲಿಲ್ಲ. ದುಗ್ಗ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಆಮೇಲೆ ಬುರುಡೆ ತೆಗೆದುಕೊಂಡು ಒಂದು ಗುಟುಕು ಕುಡಿದು, ಉಳಿದದ್ದನ್ನು ಅವನ ಕೈಗೇ ಕೊಟ್ಟ. "ಕುಡಿ. ತುಟಿ ನೋಡು ಹೆಂಗಾಗಿದೆ" ಎಂದ.

ಮಾಚನಿಗೆ ನಾಯಕನ ಪಟ್ಟ ಸಿಕ್ಕಿತು. ವರವಾಗಿ ಅವನು ಗಜಮಲ್ಲ, ಸಂಪಣ್ಣರ ತಲೆ ಕೇಳಿಕೊಂಡ. ಕತ್ತಿನ ಮೇಲೆಯೇ ಇರಲಿ ಎಂದು. ಹೊಸ ಹುಡುಗರಿಗೆ ಓಟ ಕಲಿಸುವ ಕೆಲಸ ದುಗ್ಗನಿಗೆ ಬಂತು. ಬೋಳುಗಿರಿಯ ಓಟಗಾರರು ಹೊರಡುವ ಮುಂಚೆ ತಮ್ಮ ಬುರುಡೆಯಿಂದ ಒಂದು ಗುಟುಕನ್ನು ಜೊತೆಗಾರನಿಗೆ ಕುಡಿಸಬೇಕು ಎಂಬ ಕಟ್ಟಳೆ ಆಗಲೇ ಆದದ್ದು. ಹಾಗೆ ಮಾಡಿದರೆ ದಾರಿಯುದ್ದಕ್ಕೂ ಬುರುಡೆ ಸದ್ದು ಮಾಡುತ್ತಲೇ ಇರುತ್ತದೆ, ಇಲ್ಲ ಎನ್ನಲು ಯಾರಿಗೂ ಆಗುವುದಿಲ್ಲ. ಆ ಸದ್ದು ಕೇಳಿದಾಗಲೆಲ್ಲ ನಾಯಕ ಮಾಚ, ತಲೆ ನರೆತ ಮೇಲೂ, ಒಮ್ಮೆ ತಲೆ ತಗ್ಗಿಸುತ್ತಿದ್ದನಂತೆ.